ಸಹಿ ಸರಿ, ವಿಳಾಸ ತಪ್ಪು: ಕ್ಯಾಲಿಫೋರ್ನಿಯಾದ ಸ್ಥಳೀಯ ಮಂಡಳಿಗಳ ಮುಂದೆ ಮತದಾರರ ಅರ್ಜಿಗಳು ಬೀಳುವುದೆಲ್ಲಿ?

2022ರ ಆಗಸ್ಟ್ ತಿಂಗಳಲ್ಲಿ ಲಾಸ್ ಏಂಜಲೀಸ್ ಕೌಂಟಿಯ (ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಚುನಾವಣಾ ಕಚೇರಿ ಒಂದು ಲೆಕ್ಕವನ್ನು ಪ್ರಕಟಿಸಿತು. ಕೌಂಟಿಯ ಡಿಸ್ಟ್ರಿಕ್ಟ್ ಅಟಾರ್ನಿ, ಅಂದರೆ ಚುನಾಯಿತ ಮುಖ್ಯ ಸರ್ಕಾರಿ ಅಭಿಯೋಜಕ, ಜಾರ್ಜ್ ಗ್ಯಾಸ್ಕೋನ್ ಅವರನ್ನು ಅವಧಿ ಮುಗಿಯುವ ಮೊದಲೇ ಹುದ್ದೆಯಿಂದ ಇಳಿಸುವ ಬಗ್ಗೆ ಮತದಾನ ನಡೆಸಬೇಕೆಂದು ಕೋರಿದ ಅರ್ಜಿಯಲ್ಲಿ 7,15,833 ಸಹಿಗಳಿದ್ದವು. ಬೇಕಾಗಿದ್ದದ್ದು 5,66,857. ಪರಿಶೀಲನೆ ಮುಗಿದಾಗ ಊರ್ಜಿತವೆಂದು ಉಳಿದದ್ದು 5,20,050; ಮಿಕ್ಕ 1,95,783 ಸಹಿಗಳು ತಿರಸ್ಕೃತವಾಗಿ ಅರ್ಜಿ ಬಿದ್ದುಹೋಯಿತು. ಇಷ್ಟೊಂದು ಸಹಿಗಳು ತಿರಸ್ಕೃತವಾದವು ಎಂದೊಡನೆ ಕೇಳಿದವರ ಮನಸ್ಸಿಗೆ ಮೊದಲು ಬಂದದ್ದು ಖೋಟಾ ಸಹಿ ಎಂಬ ಶಂಕೆ. ಕಚೇರಿಯೇ ಕೊಟ್ಟ ಒಳವಿವರ ಬೇರೆಯದನ್ನು ಹೇಳುತ್ತಿತ್ತು.

ತಿರಸ್ಕೃತವಾದವುಗಳಲ್ಲಿ 88,464 ಸಹಿಗಳು ಮತದಾರರ ಪಟ್ಟಿಯಲ್ಲಿ ಹೆಸರೇ ಸಿಗದವರದ್ದು. 43,593 ಸಹಿಗಳು ಈಗಾಗಲೇ ಒಮ್ಮೆ ಸಹಿ ಹಾಕಿದ್ದವರು ಮತ್ತೆ ಹಾಕಿದವು. 32,187 ಸಹಿಗಳಲ್ಲಿ ಅರ್ಜಿಯಲ್ಲಿ ಬರೆದ ವಿಳಾಸಕ್ಕೂ ನೋಂದಣಿಯಲ್ಲಿದ್ದ ವಿಳಾಸಕ್ಕೂ ತಾಳೆಯಾಗಲಿಲ್ಲ. ನೋಂದಣಿ ರದ್ದಾಗಿದ್ದವರು 7,344, ಕೌಂಟಿಯ ಹೊರಗಿನವರು 5,374, ಇತರ ಕಾರಣಗಳಿಗೆ ಸೇರಿದವು 9,331. ಸಹಿಯನ್ನು ಸಹಿಯೊಡನೆ ಹೋಲಿಸಿ ‘ಇದು ಅವರದ್ದಲ್ಲ’ ಎಂದು ಪಕ್ಕಕ್ಕಿಟ್ಟವು 9,490 ಮಾತ್ರ. ಅಂದರೆ ನೂರು ತಿರಸ್ಕೃತ ಸಹಿಗಳಲ್ಲಿ ಕೈಬರಹದ ಕಾರಣಕ್ಕೆ ಬಿದ್ದವು ಐದಕ್ಕಿಂತ ಕಡಿಮೆ. ಸಹಿ ಪರಿಶೀಲನೆ ಎಂದು ನಾವು ಕರೆಯುವ ಕೆಲಸದ ಬಹುಪಾಲು ಸಹಿಗೆ ಸಂಬಂಧಿಸಿದ್ದೇ ಅಲ್ಲ. ಅದು ಪಟ್ಟಿಯ ಪರಿಶೀಲನೆ, ವಿಳಾಸದ ಪರಿಶೀಲನೆ. ನೀರು ಸರಬರಾಜು ಮಂಡಳಿ, ಅಗ್ನಿಶಾಮಕ ಮಂಡಳಿ, ಶಾಲಾ ಮಂಡಳಿಗಳಂಥ ಸ್ಥಳೀಯ ಸಂಸ್ಥೆಗಳ ಮುಂದೆ ಬರುವ ಅರ್ಜಿಗಳ ಬಗ್ಗೆ ನಡೆಯುವ ಚರ್ಚೆಯಲ್ಲಿ ಈ ಸಂಗತಿ ಬಹುತೇಕ ಮರೆತುಹೋಗಿರುತ್ತದೆ.

ಇಷ್ಟು ದೊಡ್ಡ ಕೌಂಟಿಯ ಉದಾಹರಣೆಯನ್ನು ಪುಟ್ಟ ಮಂಡಳಿಗಳಿಗೆ ಅನ್ವಯಿಸುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಆದರೆ ಕಾನೂನು ಅದೇ, ಮತದಾರರ ಪಟ್ಟಿ ಅದೇ, ಬಹಳ ಕಡೆ ಪರಿಶೀಲಿಸುವ ಮೇಜೂ ಅದೇ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಸುಮಾರು ಎರಡು ಸಾವಿರ ಸ್ವತಂತ್ರ ವಿಶೇಷ ಡಿಸ್ಟ್ರಿಕ್ಟ್‌ಗಳಿವೆ. ಇವು ಆಡಳಿತ ವಿಭಾಗಗಳಲ್ಲ; ಒಂದು ನಿರ್ದಿಷ್ಟ ಪ್ರದೇಶಕ್ಕೆ ಒಂದೋ ಎರಡೋ ಸೇವೆಗಳನ್ನು ಒದಗಿಸಲೆಂದೇ ರಚನೆಯಾದ, ತಮ್ಮದೇ ಚುನಾಯಿತ ಮಂಡಳಿಯುಳ್ಳ ಸಂಸ್ಥೆಗಳು. ಕುಡಿಯುವ ನೀರು, ಒಳಚರಂಡಿ, ಅಗ್ನಿಶಾಮಕ ದಳ, ಆಸ್ಪತ್ರೆ, ಸ್ಮಶಾನ, ಸೊಳ್ಳೆ ನಿಯಂತ್ರಣ, ಹೀಗೆ ಒಂದೊಂದಕ್ಕೂ ಒಂದೊಂದು ಮಂಡಳಿ. ಸಾಮಾನ್ಯವಾಗಿ ಐವರು ಸದಸ್ಯರಿರುವ ಈ ಮಂಡಳಿಗಳ ಸಭೆಗಳಿಗೆ ಪತ್ರಕರ್ತರು ಹೋಗುವುದು ಅಪರೂಪ, ಚುನಾವಣೆಯಲ್ಲಿ ಎದುರಾಳಿಯೇ ಇಲ್ಲದೆ ಸದಸ್ಯರಾಗುವುದೂ ಅಪರೂಪವಲ್ಲ. ಹಾಗಿರುವಾಗ ಮತದಾರರ ಕೈಯಲ್ಲಿ ಉಳಿಯುವ ಬಲವಾದ ಅಸ್ತ್ರವೆಂದರೆ ಅರ್ಜಿ. ಲಾಸ್ ಏಂಜಲೀಸ್ ನಗರ 1903ರಲ್ಲಿ ರೀಕಾಲ್ ವ್ಯವಸ್ಥೆಯನ್ನು, ಅಂದರೆ ಚುನಾಯಿತರನ್ನು ಅವಧಿಯ ನಡುವೆ ಮತದಾನದ ಮೂಲಕ ಮರಳಿ ಕರೆಸಿಕೊಳ್ಳುವ ಹಕ್ಕನ್ನು, ತನ್ನ ಸನ್ನದಿಗೆ ಸೇರಿಸಿಕೊಂಡಿತು. 1911ರಲ್ಲಿ ಗವರ್ನರ್ ಹೈರಮ್ ಜಾನ್ಸನ್ ಅವರ ಮುಂದಾಳತ್ವದಲ್ಲಿ ರಾಜ್ಯ ಸಂವಿಧಾನಕ್ಕೆ ಮೂರು ಹಕ್ಕುಗಳು ಒಟ್ಟಿಗೇ ಸೇರಿದವು: ಜನರೇ ಕಾನೂನು ಪ್ರಸ್ತಾವ ತರುವ ಇನಿಷಿಯೇಟಿವ್, ಶಾಸನವನ್ನು ಜನಮತಕ್ಕೆ ಎಳೆಯುವ ರೆಫರೆಂಡಮ್, ಮತ್ತು ರೀಕಾಲ್. ಮೂರಕ್ಕೂ ಬಾಗಿಲು ತೆರೆಯುವ ಕೀಲಿಕೈ ಮತದಾರರ ಸಹಿ.

ಎಷ್ಟು ಸಹಿ ಬೇಕು ಎಂಬುದು ಮಂಡಳಿಯ ಗಾತ್ರವನ್ನು ಅವಲಂಬಿಸಿದೆ, ಮತ್ತು ಇಲ್ಲಿ ಚಿಕ್ಕ ಮಂಡಳಿಗಳ ಮೇಲೆ ಕಾನೂನು ಹೆಚ್ಚು ಭಾರ ಹೊರಿಸಿದೆ. ಸ್ಥಳೀಯ ರೀಕಾಲ್ ಅರ್ಜಿಗೆ, ನೋಂದಾಯಿತ ಮತದಾರರು ಒಂದು ಸಾವಿರಕ್ಕಿಂತ ಕಡಿಮೆಯಿದ್ದರೆ ಅವರಲ್ಲಿ ಶೇ 30ರಷ್ಟು ಜನರ ಸಹಿ ಬೇಕು, ಅದನ್ನು ಕಲೆಹಾಕಲು ಸಿಗುವುದು 40 ದಿನ. ಮತದಾರರ ಸಂಖ್ಯೆ ಹೆಚ್ಚಿದಂತೆ ಪ್ರಮಾಣ ಶೇ 25, 20, 15 ಎಂದು ಇಳಿಯುತ್ತಾ ಒಂದು ಲಕ್ಷ ದಾಟಿದಲ್ಲಿ ಶೇ 10ಕ್ಕೆ ನಿಲ್ಲುತ್ತದೆ. ಕಾಲಾವಧಿ 160 ದಿನಗಳವರೆಗೆ ಏರುತ್ತದೆ. ಚಿಕ್ಕ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತಿರುವುದರಿಂದ ಸಹಿ ಸಂಗ್ರಹ ಸುಲಭ ಎಂಬ ಊಹೆ ಇದರ ಹಿಂದಿರಬೇಕು. ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ನೆರೆಮನೆಯ ನಿರ್ದೇಶಕರ ವಿರುದ್ಧ ಸಹಿ ಹಾಕುವುದು ಎಷ್ಟು ಕಷ್ಟವೆಂಬುದನ್ನು ಆ ಊಹೆ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ಪರಿಶೀಲನೆಯ ಮೇಜಿನಲ್ಲಿ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅರ್ಜಿಯ ಹಾಳೆಯಲ್ಲಿ ಪ್ರತಿ ಸಾಲಿಗೂ ಸಂಖ್ಯೆಯಿರುತ್ತದೆ. ಸಹಿದಾರರು ತಮ್ಮ ಹೆಸರನ್ನು ಬಿಡಿ ಅಕ್ಷರಗಳಲ್ಲಿ ಬರೆದು, ಸಹಿ ಹಾಕಿ, ವಾಸದ ವಿಳಾಸವನ್ನು ತುಂಬಬೇಕು. ಮೂರನ್ನೂ ಸ್ವತಃ ತಮ್ಮ ಕೈಯಿಂದಲೇ ಬರೆಯಬೇಕು. ಬರೆಯಲಾಗದವರು ಹೆಸರು, ವಿಳಾಸಗಳನ್ನು ಇನ್ನೊಬ್ಬರಿಂದ ಬರೆಸಬಹುದು, ಆದರೆ ಸಹಿಯನ್ನೋ ಗುರುತನ್ನೋ ತಾವೇ ಹಾಕಬೇಕು, ಅದಕ್ಕೊಬ್ಬ ಸಾಕ್ಷಿ ಇರಬೇಕು. ಹಾಳೆಯ ಕೊನೆಯಲ್ಲಿ ಸಹಿ ಸಂಗ್ರಾಹಕರ ಘೋಷಣೆ: ಈ ಸಹಿಗಳನ್ನು ತಮ್ಮ ಕಣ್ಣೆದುರೇ ಹಾಕಲಾಯಿತು, ಸಂಗ್ರಹ ಇಂಥ ದಿನದಿಂದ ಇಂಥ ದಿನದವರೆಗೆ ನಡೆಯಿತು ಎಂಬ ಪ್ರಮಾಣ. ಪರಿಶೀಲಕರು ಸಾಲಿನ ಹೆಸರನ್ನೋ ಮನೆ ಸಂಖ್ಯೆಯನ್ನೋ ಗಣಕಕ್ಕೆ ಊಡಿಸಿ ಮತದಾರರ ದಾಖಲೆಯನ್ನು ತೆರೆಯುತ್ತಾರೆ. ಹೆಸರು ಸಿಗದಿದ್ದರೆ ಆ ಸಾಲು ಅಲ್ಲಿಗೇ ಮುಗಿಯಿತು. ಸಿಕ್ಕರೆ ವಿಳಾಸ ನೋಡುತ್ತಾರೆ; ಆ ವಿಳಾಸ ಡಿಸ್ಟ್ರಿಕ್ಟಿನ ಗಡಿಯೊಳಗಿದೆಯೇ ಎಂದು ನೋಡುತ್ತಾರೆ; ಅದೇ ಮತದಾರರು ಇನ್ನೊಂದು ಹಾಳೆಯಲ್ಲಿ ಈಗಾಗಲೇ ಸಹಿ ಹಾಕಿದ್ದಾರೆಯೇ ಎಂದು ಗಣಕವೇ ಎಚ್ಚರಿಸುತ್ತದೆ. ಇಷ್ಟೆಲ್ಲ ದಾಟಿದ ಸಾಲಿಗೆ ಮಾತ್ರ ಪರದೆಯ ಮೇಲೆ ಹಳೆಯ ಸಹಿಯ ಚಿತ್ರವನ್ನು ಹೊಸದರ ಪಕ್ಕದಲ್ಲಿಟ್ಟು ಹೋಲಿಸುವ ಯೋಗ.

ಆ ಹೋಲಿಕೆಯಲ್ಲಿ ನಿಯಮಗಳು ಮತದಾರರ ಕಡೆಗೇ ವಾಲಿವೆ. ಹಾಳೆಯ ಮೇಲಿನ ಸಹಿ ಆ ಮತದಾರರದ್ದೇ ಎಂಬ ಪೂರ್ವಭಾವನೆಯಿಂದ ಪರಿಶೀಲನೆ ಶುರುವಾಗಬೇಕು. ಎರಡೂ ಸಹಿಗಳು ಅಚ್ಚು ಹೊಡೆದಂತೆ ಒಂದೇ ಆಗಿರಬೇಕೆಂದಿಲ್ಲ. ಅಕ್ಷರಗಳ ಓರೆ, ಗಾತ್ರ, ಅಂತರ, ಸುರುಳಿಗಳ ತಿರುವು, ಲೇಖನಿ ಎತ್ತಿದ ಜಾಗ, ಕೊನೆಯ ಗೆರೆಯ ಎಳೆತ, ಇವುಗಳಲ್ಲಿ ಸಾಮ್ಯ ಕಂಡರೆ ಸಾಕು. ಮೊದಲ ಹೆಸರಿನ ಬದಲು ಅದರ ಮೊದಲಕ್ಷರವನ್ನಷ್ಟೇ ಬರೆದಿದ್ದರೆ ಅದೊಂದೇ ಕಾರಣಕ್ಕೆ ಸಹಿಯನ್ನು ತಳ್ಳಿಹಾಕುವಂತಿಲ್ಲ ಎಂದು ಚುನಾವಣಾ ಸಂಹಿತೆಯೇ ಹೇಳುತ್ತದೆ. ಇಷ್ಟು ಉದಾರತೆಗೆ ಕಾರಣವೂ ಇದೆ. ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತು, ಕ್ಲಿಪ್‌ಬೋರ್ಡನ್ನು ಒಂದು ಕೈಯಲ್ಲಿ ಹಿಡಿದು ಹಾಕಿದ ಸಹಿ, ಮೇಜಿನ ಮುಂದೆ ಕೂತು ನಿಧಾನವಾಗಿ ಹಾಕಿದ ಸಹಿಯಂತೆ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೋಲಿಕೆಗೆ ಆಧಾರವಾದ ಮೂಲ ಸಹಿಯೇ ಎಷ್ಟೋ ಸಲ ನಂಬಲರ್ಹವಲ್ಲ. 2018ರ ಏಪ್ರಿಲ್‌ನಿಂದ ಕ್ಯಾಲಿಫೋರ್ನಿಯಾದಲ್ಲಿ ವಾಹನ ಪರವಾನಗಿ ಕಚೇರಿಗೆ ಹೋದ ಅರ್ಹರು ತಾವಾಗಿ ಬೇಡವೆನ್ನದ ಹೊರತು ಮತದಾರರ ಪಟ್ಟಿಗೆ ಸೇರುತ್ತಾರೆ. ಅಲ್ಲಿ ಎಲೆಕ್ಟ್ರಾನಿಕ್ ಹಲಗೆಯ ಮೇಲೆ ಗೀಚಿದ ಗೆರೆಯೇ ಆಮೇಲೆ ಅವರ ಅಧಿಕೃತ ಸಹಿ. ಹಲಗೆಯ ಮೇಲೆ ಮುರುಟಿಕೊಂಡ ಆ ಗೆರೆಯನ್ನು ಕಾಗದದ ಮೇಲಿನ ಶಾಯಿಯೊಡನೆ ಹೋಲಿಸಿ ವ್ಯಕ್ತಿ ಒಬ್ಬರೇ ಎಂದು ಹೇಳುವುದು ಕೈಬರಹ ತಜ್ಞರಿಗೂ ಸಲೀಸಲ್ಲ. ಪರಿಶೀಲಕರಲ್ಲಿ ಬಹುತೇಕರು ತಜ್ಞರಲ್ಲ, ಕೆಲವು ತಾಸುಗಳ ತರಬೇತಿ ಪಡೆದ ನೌಕರರು.

ಸಹಿಯ ವಿಷಯದಲ್ಲಿ ಇಷ್ಟು ಸಡಿಲವಾಗಿರುವ ಅದೇ ಸಂಹಿತೆ ವಿಳಾಸದ ವಿಷಯಕ್ಕೆ ಬಂದಾಗ ಬಿಗಿಯಾಗುತ್ತದೆ. ಅರ್ಜಿಯಲ್ಲಿನ ವಾಸದ ವಿಳಾಸ ನೋಂದಣಿ ಪತ್ರದಲ್ಲಿನ ವಿಳಾಸದೊಡನೆ ಹೊಂದದಿದ್ದರೆ, ಅಥವಾ ವಿಳಾಸವನ್ನೇ ಬರೆಯದಿದ್ದರೆ, ಆ ಸಹಿಯನ್ನು ಊರ್ಜಿತವೆಂದು ಎಣಿಸುವಂತಿಲ್ಲ. ಇಲ್ಲಿ ಪೂರ್ವಭಾವನೆಯೂ ಇಲ್ಲ, ಸಾಮ್ಯ ಸಾಕೆಂಬ ಮಾತೂ ಇಲ್ಲ. ಒಂದೇ ಡಿಸ್ಟ್ರಿಕ್ಟಿನೊಳಗೆ ಎರಡು ಬೀದಿ ಆಚೆಯ ಬಾಡಿಗೆ ಮನೆಗೆ ಕಳೆದ ತಿಂಗಳು ಹೋದವರು ಮತದಾರರಾಗಿಯೇ ಇದ್ದಾರೆ, ಅವರ ಸಹಿ ಅವರದ್ದೇ, ಅವರ ಮನೆಗೆ ನೀರು ಬರುವುದು ಅದೇ ಮಂಡಳಿಯಿಂದ. ಆದರೂ ಹೊಸ ವಿಳಾಸ ಬರೆದರೆ ಪಟ್ಟಿಗೆ ಹೊಂದುವುದಿಲ್ಲ, ಹಳೆಯ ವಿಳಾಸ ಬರೆದರೆ ಸುಳ್ಳಾಗುತ್ತದೆ. ಇದಕ್ಕೊಂದು ಪರಿಹಾರ ಕಾನೂನಿನಲ್ಲೇ ಇದೆ: ಸಹಿ ಹಾಕುವ ದಿನವೋ ಅದಕ್ಕೆ ಮೊದಲೋ ಹೊಸ ನೋಂದಣಿ ಪತ್ರಕ್ಕೆ ಸಹಿ ಮಾಡಿ, ಅರ್ಜಿ ಸಲ್ಲಿಕೆಯಾಗುವ ದಿನದೊಳಗೆ ಅದು ಕೌಂಟಿ ಕಚೇರಿಯನ್ನು ಮುಟ್ಟಿದರೆ ಸಹಿ ನಿಲ್ಲುತ್ತದೆ. ಬಲ್ಲ ಸಂಘಟಕರು ಕ್ಲಿಪ್‌ಬೋರ್ಡಿನ ಜೊತೆ ನೋಂದಣಿ ಪತ್ರಗಳ ಕಟ್ಟನ್ನೂ ಹೊತ್ತು ತಿರುಗುವುದು ಇದಕ್ಕಾಗಿಯೇ. ಬಲ್ಲವರು ಎಂದರೆ ಹಣ ಕೊಟ್ಟು ವಕೀಲರನ್ನೂ ಸಂಗ್ರಾಹಕರನ್ನೂ ನೇಮಿಸಿಕೊಂಡವರು. ನೀರಿನ ದರ ಹೆಚ್ಚಿತೆಂದು ಸಿಟ್ಟಿಗೆದ್ದು ಮೊದಲ ಬಾರಿಗೆ ಅರ್ಜಿ ಹಿಡಿದ ನಿವಾಸಿಗಳಿಗೆ ಈ ಸೂಕ್ಷ್ಮ ತಿಳಿಯುವುದು ಅರ್ಜಿ ಬಿದ್ದ ಮೇಲೆ.

ಗ್ರಾಮೀಣ ಡಿಸ್ಟ್ರಿಕ್ಟ್‌ಗಳಲ್ಲಿ ಇನ್ನೊಂದು ತೊಡಕು. ಮನೆಮನೆಗೆ ಅಂಚೆ ಬರದ ಕಡೆ ಜನ ಅಂಚೆ ಪೆಟ್ಟಿಗೆಯ ಸಂಖ್ಯೆಯನ್ನೇ ವಿಳಾಸವಾಗಿ ಬರೆದು ರೂಢಿಯಾಗಿದೆ. ಅರ್ಜಿ ಕೇಳುವುದು ವಾಸದ ಜಾಗವನ್ನು. ಪೆಟ್ಟಿಗೆ ಸಂಖ್ಯೆ ಬರೆದ ಸಹಿ ಬಿದ್ದುಹೋಗುತ್ತದೆ. ಗಡಿಯ ಸಮಸ್ಯೆಯೂ ಇಂಥದ್ದೇ. ವಿಶೇಷ ಡಿಸ್ಟ್ರಿಕ್ಟಿನ ಗಡಿ ನಗರದ ಗಡಿಯನ್ನಾಗಲಿ ಅಂಚೆ ವಿಳಾಸವನ್ನಾಗಲಿ ಅನುಸರಿಸುವುದಿಲ್ಲ. ಒಂದೇ ರಸ್ತೆಯ ಎಡಬದಿ ಒಂದು ನೀರಿನ ಮಂಡಳಿಗೆ, ಬಲಬದಿ ಇನ್ನೊಂದಕ್ಕೆ ಸೇರಿರಬಹುದು. ಕ್ಯಾಲಿಫೋರ್ನಿಯಾದ ಮತದಾನ ಹಕ್ಕು ಕಾಯ್ದೆ 2002ರಲ್ಲಿ ಬಂದ ಮೇಲೆ ಅನೇಕ ಮಂಡಳಿಗಳು ಇಡೀ ಡಿಸ್ಟ್ರಿಕ್ಟಿನಿಂದ ಸದಸ್ಯರನ್ನು ಆರಿಸುವುದನ್ನು ಬಿಟ್ಟು ಒಳವಿಭಾಗಗಳಿಂದ ಆರಿಸತೊಡಗಿವೆ. ಹಾಗಾಗಿ ಒಬ್ಬ ನಿರ್ದೇಶಕರ ರೀಕಾಲಿಗೆ ಸಹಿ ಹಾಕಬಲ್ಲವರು ಅವರ ಒಳವಿಭಾಗದ ಮತದಾರರು ಮಾತ್ರ. ತಾನು ಯಾವ ಒಳವಿಭಾಗದಲ್ಲಿದ್ದೇನೆ ಎಂದು ಬಾಯಿಪಾಠವಾಗಿ ಹೇಳಬಲ್ಲ ಮತದಾರರು ಎಷ್ಟು ಮಂದಿ ಇದ್ದಾರು!

ಸಹಿಗಳು ಹೆಚ್ಚಿದ್ದಾಗ ಎಲ್ಲವನ್ನೂ ನೋಡುವ ಬದಲು ಮಾದರಿಯನ್ನು ನೋಡುವ ಅವಕಾಶವಿದೆ, ಮತ್ತು ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಡಿಮೆ ಜನಕ್ಕೆ ಅರ್ಥವಾಗಿರುವ ಭಾಗ ಇದು. ರೀಕಾಲ್ ಅರ್ಜಿಯಲ್ಲಿ 500ಕ್ಕಿಂತ ಹೆಚ್ಚು ಸಹಿಗಳಿದ್ದರೆ ಅವುಗಳಲ್ಲಿ ಶೇ 5 ಅಥವಾ 500, ಯಾವುದು ದೊಡ್ಡದೋ ಅಷ್ಟನ್ನು ಲಾಟರಿ ಎತ್ತಿದಂತೆ ಆರಿಸಿ ಪರಿಶೀಲಿಸಬಹುದು. ಅದರ ಫಲವನ್ನು ಇಡೀ ಅರ್ಜಿಗೆ ಗುಣಿಸಿದಾಗ ಬೇಕಾದ ಸಂಖ್ಯೆಯ ಶೇ 110ಕ್ಕಿಂತ ಹೆಚ್ಚು ಬಂದರೆ ಅರ್ಜಿ ಗೆದ್ದಿತು, ಶೇ 90ಕ್ಕಿಂತ ಕಡಿಮೆ ಬಂದರೆ ಸೋತಿತು, ನಡುವೆ ಬಂದರೆ ಪ್ರತಿ ಸಹಿಯನ್ನೂ ನೋಡಬೇಕು. ಗ್ಯಾಸ್ಕೋನ್ ಅರ್ಜಿ ಹೀಗೆ ನಡುವೆ ಸಿಕ್ಕಿಕೊಂಡೇ ಪೂರ್ಣ ಎಣಿಕೆಗೆ ಹೋದದ್ದು. ಕೌಂಟಿ ಮಟ್ಟದ ಇನಿಷಿಯೇಟಿವ್ ಅರ್ಜಿಗಳಿಗೆ ಮಾದರಿ ಶೇ 3, ಕೆಳಗಿನ ಮಿತಿ ಶೇ 95.

ಈ ಲೆಕ್ಕದಲ್ಲಿ ಒಬ್ಬರೇ ಎರಡು ಬಾರಿ ಹಾಕಿದ ಸಹಿಗೆ ಸಿಗುವ ತೂಕ ಬೆರಗು ಹುಟ್ಟಿಸುವಂಥದ್ದು. ಶೇ 5ರ ಮಾದರಿಯಲ್ಲಿ ಒಂದು ಸಹಿ ಆಯ್ಕೆಯಾಗುವ ಸಂಭವ ಇಪ್ಪತ್ತರಲ್ಲಿ ಒಂದು. ಒಬ್ಬರೇ ಹಾಕಿದ ಎರಡೂ ಸಹಿಗಳು ಅದೇ ಮಾದರಿಗೆ ಬರುವ ಸಂಭವ ಸುಮಾರು ನಾನೂರರಲ್ಲಿ ಒಂದು. ಆದ್ದರಿಂದ ಮಾದರಿಯಲ್ಲಿ ಅಂಥ ಒಂದು ಜೋಡಿ ಕಂಡರೆ ಇಡೀ ಅರ್ಜಿಯಲ್ಲಿ ಸುಮಾರು ನಾನೂರು ಜೋಡಿಗಳಿವೆ ಎಂದು ಅಂದಾಜಿಸಬೇಕಾಗುತ್ತದೆ. ಅದರಲ್ಲಿ ಇಪ್ಪತ್ತು, ಮಾಮೂಲಿ ಗುಣಾಕಾರದಲ್ಲೇ ಕಳೆದುಹೋಗಿರುತ್ತವೆ. ಮಿಕ್ಕ 380ನ್ನು ಪ್ರತ್ಯೇಕವಾಗಿ ಕಳೆಯುತ್ತಾರೆ. ಒಂದು ಕಲ್ಪಿತ ಡಿಸ್ಟ್ರಿಕ್ಟನ್ನು ತೆಗೆದುಕೊಳ್ಳೋಣ: ಅಲ್ಲಿ ಒಂದು ಲಕ್ಷ ಮತದಾರರಿದ್ದಾರೆ, ಬೇಕಾದ ಸಹಿ 10,000, ಸಲ್ಲಿಸಿದ್ದು 12,000, ಮಾದರಿ 600, ಅದರಲ್ಲಿ ಊರ್ಜಿತವಾದವು 540. ಜೋಡಿಗಳೇ ಇಲ್ಲದಿದ್ದರೆ ಅಂದಾಜು 10,800, ಅಂದರೆ ಗೆಲುವಿಗೆ ಕೂದಲೆಳೆಯ ದೂರ. ನಾಲ್ಕು ಜೋಡಿ ಸಿಕ್ಕರೆ ಅಂದಾಜು 9,280ಕ್ಕೆ ಇಳಿದು ಪೂರ್ಣ ಎಣಿಕೆಗೆ ಹೋಗುತ್ತದೆ. ಐದನೆಯ ಜೋಡಿ ಸಿಕ್ಕರೆ 8,900. ಉಳಿದ 11,400 ಸಹಿಗಳನ್ನು ಯಾರೂ ನೋಡದೆಯೇ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಗಣಿತ ತಪ್ಪಲ್ಲ, ನಿಜವಾಗಿ ಅದು ಸೊಗಸಾಗಿಯೇ ಇದೆ. ಆದರೆ ಅದು ನೀಡುವುದು ಅಂದಾಜು, ಮತ್ತು ಒಂದೆರಡು ಜೋಡಿಗಳ ಅದೃಷ್ಟ ದುರದೃಷ್ಟಗಳ ಮೇಲೆ ಓಲಾಡುವ ಅಂದಾಜು. ಗೆದ್ದಿತೆಂದು ಸಾರಲು ಅಂದಾಜನ್ನು ಬಳಸುವುದಕ್ಕೂ ಸೋತಿತೆಂದು ಮುಚ್ಚಿಹಾಕಲು ಬಳಸುವುದಕ್ಕೂ ವ್ಯತ್ಯಾಸವಿದೆ ಎಂಬುದು ನನ್ನ ನಿಲುವು. ಜೋಡಿಗಳ ಕಳೆತವೊಂದರಿಂದಲೇ ಕೆಳಗಿನ ಮಿತಿ ದಾಟಿ ಬಿದ್ದ ಅರ್ಜಿಯನ್ನು ಪೂರ್ಣವಾಗಿ ಎಣಿಸುವುದು ನ್ಯಾಯ.

ಒಬ್ಬರೇ ಎರಡೆರಡು ಬಾರಿ ಸಹಿ ಹಾಕುವುದು ಯಾಕೆ? ಬೇಕೆಂದೇ ಮಾಡಿದರೆ ಅದು ಅಪರಾಧ. ಆದರೆ ತಿಂಗಳುಗಟ್ಟಲೆ ನಡೆಯುವ ಸಂಗ್ರಹದಲ್ಲಿ ಮಾರ್ಚ್‌ನಲ್ಲಿ ಗ್ರಂಥಾಲಯದ ಮುಂದೆ ಸಹಿ ಹಾಕಿದವರು ಜೂನ್‌ನಲ್ಲಿ ಮನೆ ಬಾಗಿಲಿಗೆ ಬಂದ ಅರ್ಜಿ ಅದೇ ಎಂದು ತಿಳಿಯದೆ ಮತ್ತೆ ಹಾಕುವುದು ಸಹಜ. ಒಂದು ಸಹಿಯನ್ನು ಉಳಿಸಿಕೊಂಡು ಹೆಚ್ಚಿನದನ್ನು ತೆಗೆಯುತ್ತಾರೆ.

ಹಾಗಾದರೆ ಖೋಟಾ ಸಹಿ ಎಂಬುದೇ ಇಲ್ಲವೇ? ಖಂಡಿತ ಇದೆ, ದೊಡ್ಡ ಪ್ರಮಾಣದಲ್ಲೇ ನಡೆದದ್ದಿದೆ. 2022ರಲ್ಲಿ ಮಿಷಿಗನ್ ರಾಜ್ಯದ ಚುನಾವಣಾ ಬ್ಯೂರೋ, ನಾಮಪತ್ರಗಳ ಜೊತೆ ಬಂದ ಸಹಿಗಳನ್ನು ಪರಿಶೀಲಿಸಿ 36 ಮಂದಿ ಸಂಗ್ರಾಹಕರು ಸಲ್ಲಿಸಿದ ಹಾಳೆಗಳು ಇಡಿಯಾಗಿ ಕಪಟದವು ಎಂದು ತೀರ್ಮಾನಿಸಿತು. ಹತ್ತು ನಾಮಪತ್ರ ಕಟ್ಟುಗಳಲ್ಲಿ ಕನಿಷ್ಠ 68,000 ಸಹಿಗಳು ಅನೂರ್ಜಿತವಾದವು. ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ ಬಯಸಿದ್ದ ಐವರು, ಡೆಟ್ರಾಯಿಟ್‌ನ ಮಾಜಿ ಪೊಲೀಸ್ ಮುಖ್ಯಸ್ಥ ಜೇಮ್ಸ್ ಕ್ರೇಗ್ ಅವರೂ ಸೇರಿದಂತೆ, ಅಗತ್ಯವಾದ 15,000 ಸಹಿ ಮುಟ್ಟಲಾರದೆ ಕಣದಿಂದ ಹೊರಬಿದ್ದರು. ಗಮನಿಸಬೇಕಾದದ್ದು ಅದು ಪತ್ತೆಯಾದ ಬಗೆ. ನಾಲ್ಕಾರು ಜನ ಮೇಜಿನ ಸುತ್ತ ಕೂತು, ಹಾಳೆಗಳನ್ನು ಕೈಯಿಂದ ಕೈಗೆ ದಾಟಿಸುತ್ತ, ಒಬ್ಬೊಬ್ಬರು ಒಂದೊಂದು ಸಾಲು ತುಂಬುವುದು ಹಳೆಯ ತಂತ್ರ. ಒಂದು ಹಾಳೆಯಲ್ಲಿ ಬೇರೆ ಬೇರೆ ಕೈಬರಹ ಕಾಣಲಿ ಎಂಬುದು ಉದ್ದೇಶ. ಹಾಳೆಯನ್ನು ಬಿಡಿಯಾಗಿ ನೋಡಿದರೆ ಸಂಶಯ ಬಾರದು. ಇಪ್ಪತ್ತು ಹಾಳೆಗಳನ್ನು ಪಕ್ಕಪಕ್ಕ ಹರಡಿದಾಗ ಅವೇ ನಾಲ್ಕಾರು ಕೈಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಬೀದಿಯಲ್ಲಿ ಓಡಾಡಿದ ಕಾಗದಕ್ಕೆ ಸಹಜವಾಗಿ ಬರುವ ಸುಕ್ಕು, ಕಲೆ, ಮಡಿಕೆ ಯಾವುದೂ ಆ ಹಾಳೆಗಳಲ್ಲಿ ಇರಲಿಲ್ಲ ಎಂದೂ ಬ್ಯೂರೋ ಗುರುತಿಸಿತು. ಹಳೆಯ ಮತದಾರರ ಪಟ್ಟಿಯಿಂದ ನಕಲು ಮಾಡಿದ್ದಕ್ಕೆ ಸಾಕ್ಷಿಯಾಗಿ, ತೀರಿಕೊಂಡವರ ಮತ್ತು ಎಂದೋ ಊರು ಬಿಟ್ಟವರ ಹೆಸರುಗಳು ಸಾಲಿನಲ್ಲಿದ್ದವು. ಅಂದರೆ ಖೋಟಾ ಸಿಕ್ಕಿದ್ದು ಒಂದು ಸಹಿಯನ್ನು ಒಂದು ದಾಖಲೆಯೊಡನೆ ಹೋಲಿಸಿದ್ದರಿಂದಲ್ಲ, ಸಂಗ್ರಾಹಕರವಾರು ಹಾಳೆಗಳನ್ನು ಒಟ್ಟಿಗೆ ನೋಡಿದ್ದರಿಂದ. ಸಾಲಿನಿಂದ ಸಾಲಿಗೆ ಹೋಗುವ ಪರಿಶೀಲನೆ ಪ್ರಾಮಾಣಿಕರ ವಿಳಾಸದ ಎಡವಟ್ಟನ್ನು ತಪ್ಪದೆ ಹಿಡಿಯುತ್ತದೆ, ಸಂಘಟಿತ ವಂಚಕರಿಗೆ ಅಷ್ಟಾಗಿ ತಡೆಯೊಡ್ಡುವುದಿಲ್ಲ. ಮೋಸದ ಮೂಲ ಬಹಳ ಸಲ ಸಹಿಗಿಷ್ಟು ಎಂದು ಕೊಡುವ ಕೂಲಿ. ಹಣ ಕೊಟ್ಟು ಸಹಿ ಸಂಗ್ರಹಿಸುವುದನ್ನೇ ನಿಷೇಧಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲಿ ಮೇಯರ್ ವಿರುದ್ಧ ಗ್ರಾಂಟ್ ಪ್ರಕರಣದಲ್ಲಿ ಹೇಳಿತು. ಆದರೆ ತಲೆಗಿಷ್ಟು ಎಂಬ ಲೆಕ್ಕವನ್ನು ಆರಿಗನ್ 2002ರಲ್ಲಿ ನಿಷೇಧಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಮಸೂದೆಗಳು ಗವರ್ನರ್‌ಗಳ ವೀಟೋಗೆ ಬಲಿಯಾಗಿವೆ.

ಇನ್ನು, ಪರಿಶೀಲಿಸುವವರು ಯಾರು ಎಂಬ ಪ್ರಶ್ನೆ. ಡಿಸ್ಟ್ರಿಕ್ಟಿನ ಇನಿಷಿಯೇಟಿವ್ ಅರ್ಜಿಯನ್ನು ಸ್ವೀಕರಿಸುವವರು ಅನೇಕ ವೇಳೆ ಆ ಡಿಸ್ಟ್ರಿಕ್ಟಿನ ಕಾರ್ಯದರ್ಶಿ. ಅವರ ಸಂಬಳ, ಬಡ್ತಿ ನಿರ್ಧರಿಸುವುದು ಯಾರ ವಿರುದ್ಧ ಅರ್ಜಿ ಬಂದಿದೆಯೋ ಅದೇ ಮಂಡಳಿ. ಅವರ ಕೆಲಸ ವಿವೇಚನೆಯದ್ದಲ್ಲ, ನಿಯಮ ಹೇಳಿದಂತೆ ನಡೆಸುವ ಯಾಂತ್ರಿಕ ಕರ್ತವ್ಯ ಎಂದು ನ್ಯಾಯಾಲಯಗಳು ಹೇಳುತ್ತ ಬಂದಿರುವುದು ಈ ಮುಜುಗರವನ್ನು ಅರಿತೇ. ಮತದಾರರ ದಾಖಲೆಗಳು ಕೌಂಟಿಯಲ್ಲಿರುವುದರಿಂದ ಸಹಿಗಳನ್ನು ತಾಳೆ ನೋಡುವ ಕೆಲಸವನ್ನು ಸಾಮಾನ್ಯವಾಗಿ ಕೌಂಟಿಯ ಚುನಾವಣಾಧಿಕಾರಿಗೇ ಒಪ್ಪಿಸುತ್ತಾರೆ, ಖರ್ಚನ್ನು ಡಿಸ್ಟ್ರಿಕ್ಟ್ ತುಂಬಿಕೊಡುತ್ತದೆ. ಇದು ಒಳ್ಳೆಯ ವ್ಯವಸ್ಥೆ. ರೂಢಿಯಾಗಿ ನಡೆಯುತ್ತಿರುವ ಇದನ್ನು ಕಡ್ಡಾಯ ಮಾಡಿದರೆ ಇನ್ನೂ ಒಳ್ಳೆಯದು.

ಇಲಿನಾಯ್ ರಾಜ್ಯದಲ್ಲಿ ಬೇರೆಯದೇ ದಾರಿ. ಅಲ್ಲಿ ಶಾಲೆ, ಉದ್ಯಾನ, ಗ್ರಂಥಾಲಯ ಮಂಡಳಿಗಳಿಗೆ ನಿಲ್ಲುವವರ ನಾಮಪತ್ರದ ಸಹಿಗಳನ್ನು ಅಧಿಕಾರಿಗಳು ತಾವಾಗಿ ಪರಿಶೀಲಿಸುವುದಿಲ್ಲ. ಮೇಲುನೋಟಕ್ಕೆ ಸರಿಯಾಗಿದ್ದರೆ ಊರ್ಜಿತ. ಯಾರಾದರೂ ಐದು ಕೆಲಸದ ದಿನಗಳೊಳಗೆ ಆಕ್ಷೇಪ ಸಲ್ಲಿಸಿದರೆ ಮಾತ್ರ ಒಂದೊಂದು ಸಾಲೂ ಪರೀಕ್ಷೆಗೆ ಒಳಗಾಗುತ್ತದೆ. ಖರ್ಚು ಉಳಿಯುತ್ತದೆ ನಿಜ, ಆದರೆ ಪರಿಶೀಲನೆ ಎದುರಾಳಿಯ ಆಯುಧವಾಗುತ್ತದೆ. 1996ರಲ್ಲಿ ಬರಾಕ್ ಒಬಾಮ ರಾಜ್ಯ ಸೆನೆಟ್ಟಿಗೆ ಮೊದಲ ಬಾರಿ ನಿಂತಾಗ ಪ್ರಾಥಮಿಕ ಚುನಾವಣೆಯ ಎದುರಾಳಿಗಳೆಲ್ಲರೂ, ಹುದ್ದೆಯಲ್ಲಿದ್ದ ಆಲಿಸ್ ಪಾಮರ್ ಅವರೂ ಸೇರಿ, ಸಹಿಗಳ ಮೇಲಿನ ಆಕ್ಷೇಪದಿಂದಲೇ ಕಣದಿಂದ ಹೊರಬಿದ್ದದ್ದು ಈ ಪದ್ಧತಿಯಲ್ಲೇ.

ಕ್ಯಾಲಿಫೋರ್ನಿಯಾದಲ್ಲೂ ಮಂಡಳಿ ತನ್ನ ವಿರುದ್ಧದ ಸಹಿಗಳನ್ನು ತಾನೇ ಎಣಿಸಿಕೊಳ್ಳುವ ಒಂದು ಮೂಲೆ ಉಳಿದಿದೆ. 1996ರಲ್ಲಿ ರಾಜ್ಯದ ಮತದಾರರು ಅಂಗೀಕರಿಸಿದ ಪ್ರಸ್ತಾವ 218ರ ಪ್ರಕಾರ, ನೀರು ಅಥವಾ ಒಳಚರಂಡಿ ದರ ಏರಿಸುವ ಮುನ್ನ ಮಂಡಳಿ ಎಲ್ಲರಿಗೂ ನೋಟಿಸ್ ಕಳಿಸಬೇಕು. ಅರ್ಧಕ್ಕಿಂತ ಹೆಚ್ಚು ನಿವೇಶನಗಳಿಂದ ಲಿಖಿತ ವಿರೋಧ ಬಂದರೆ ದರ ಏರುವಂತಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಮತದಾರರಲ್ಲ, ನಿವೇಶನ: ಒಂದು ನಿವೇಶನಕ್ಕೆ ಒಂದೇ ವಿರೋಧ, ಅದನ್ನು ಮಾಲೀಕರೂ ಕೊಡಬಹುದು, ಬಾಡಿಗೆದಾರರೂ ಕೊಡಬಹುದು. ಎಣಿಸುವುದು ದರ ಏರಿಸಹೊರಟ ಮಂಡಳಿಯೇ. ಆ ದಾರಿಯಲ್ಲಿ ಸೋತವರಿಗೆ ಇನಿಷಿಯೇಟಿವ್ ಅರ್ಜಿಯ ದಾರಿಯಿದೆ. ಸ್ಯಾನ್ ಬರ್ನಾರ್ಡಿನೋ ಕೌಂಟಿಯ ಬಿಗ್‌ಹಾರ್ನ್–ಡೆಸರ್ಟ್ ವ್ಯೂ ನೀರಿನ ಮಂಡಳಿಯ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 2006ರಲ್ಲಿ, ನೀರಿನ ದರ ಇಳಿಸಲು ಮತದಾರರು ಇನಿಷಿಯೇಟಿವ್ ತರಬಹುದು ಎಂದಿತು; ಮುಂದಿನ ಏರಿಕೆಗಳಿಗೆಲ್ಲ ಮೊದಲೇ ಮತದಾರರ ಒಪ್ಪಿಗೆ ಬೇಕೆಂಬ ಷರತ್ತನ್ನು ಮಾತ್ರ ಅದರಲ್ಲಿ ಸೇರಿಸುವಂತಿಲ್ಲ ಎಂದೂ ಹೇಳಿತು. ದರವನ್ನು ರೆಫರೆಂಡಮ್‌ಗೆ ಎಳೆಯುವ ಬಾಗಿಲನ್ನು 2020ರಲ್ಲಿ ಡನ್ಸ್‌ಮ್ಯೂರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮುಚ್ಚಿದೆ. ಹೀಗಾಗಿ ಪುಟ್ಟ ನೀರಿನ ಮಂಡಳಿಗಳ ಮಟ್ಟಿಗೆ ಸಹಿ ಪರಿಶೀಲನೆಯ ಮಹತ್ವ ಕಡಿಮೆಯಾಗಿಲ್ಲ, ಹೆಚ್ಚಿದೆ.

ಸಹಿ ಹಾಕಿದವರ ಗೋಪ್ಯತೆಯ ವಿಷಯದಲ್ಲಿ ರಾಜ್ಯಗಳು ಬೇರೆ ಬೇರೆ. ವಾಷಿಂಗ್ಟನ್ ರಾಜ್ಯದಲ್ಲಿ ಅರ್ಜಿಗೆ ಸಹಿ ಹಾಕಿದವರ ಹೆಸರುಗಳನ್ನು ಸಾರ್ವಜನಿಕ ದಾಖಲೆಯಾಗಿ ಕೊಡುವುದು ಸಾಮಾನ್ಯವಾಗಿ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 2010ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕ್ಯಾಲಿಫೋರ್ನಿಯಾದಲ್ಲಿ ಅರ್ಜಿಯ ಹಾಳೆಗಳು ಸಾರ್ವಜನಿಕ ದಾಖಲೆಗಳಲ್ಲ. ನೆರೆಯವರೇ ನಿರ್ದೇಶಕರಾಗಿರುವ ಮಂಡಳಿಗಳಲ್ಲಿ ಈ ರಕ್ಷಣೆ ಇಲ್ಲದಿದ್ದರೆ ಶೇ 30ರಷ್ಟು ಮತದಾರರು ಸಹಿ ಹಾಕುವ ಮಾತು ದೂರವೇ ಉಳಿಯುತ್ತಿತ್ತು. ಆದರೆ ಸಹಿ ಸಾಲದೆಂದು ಅರ್ಜಿ ತಿರಸ್ಕೃತವಾದಾಗ ಅರ್ಜಿದಾರರು 21 ದಿನಗಳೊಳಗೆ ಬಂದು, ಯಾವ ಸಹಿ ಯಾವ ಕಾರಣಕ್ಕೆ ಬಿತ್ತು ಎಂದು ಕುಳಿತು ನೋಡಬಹುದು. ಗ್ಯಾಸ್ಕೋನ್ ವಿರುದ್ಧದ ಅರ್ಜಿದಾರರೂ ಈ ಹಕ್ಕನ್ನು ಬಳಸಿಕೊಂಡರು. ನೋಡಿದ ಮೇಲೆ ಲೋಪ ಕಂಡರೆ ನ್ಯಾಯಾಲಯಕ್ಕೆ ಹೋಗಬಹುದೇ ವಿನಾ ಸರಿಪಡಿಸಿಕೊಳ್ಳಲು ಬರುವುದಿಲ್ಲ. ರೀಕಾಲ್ ಅರ್ಜಿಯ ಎಲ್ಲ ಹಾಳೆಗಳನ್ನೂ ಒಂದೇ ಬಾರಿ ಸಲ್ಲಿಸಬೇಕು, ಆಮೇಲೆ ಒಂದು ಸಹಿಯನ್ನೂ ಸೇರಿಸುವಂತಿಲ್ಲ. ಉಳಿಯುವ ದಾರಿ ಮೊದಲಿನಿಂದ ಹೊಸ ಅರ್ಜಿ.

ಅಂಚೆ ಮತದ ಜೊತೆ ಹೋಲಿಸಿದರೆ ಈ ಕಟ್ಟುನಿಟ್ಟು ವಿಚಿತ್ರವಾಗಿ ಕಾಣುತ್ತದೆ. ಅಂಚೆ ಮತದ ಲಕೋಟೆಯ ಮೇಲಿನ ಸಹಿ ಹೊಂದದಿದ್ದರೆ ಮತದಾರರಿಗೆ ತಿಳಿಸಿ ಸರಿಪಡಿಸಲು ಅವಕಾಶ ಕೊಡದೆ ಮತವನ್ನು ತಿರಸ್ಕರಿಸುವಂತಿಲ್ಲ ಎಂದು 2018ರಿಂದ ಕ್ಯಾಲಿಫೋರ್ನಿಯಾದ ಕಾನೂನು ಹೇಳುತ್ತದೆ. ಅದೇ ಮತದಾರರ ಅದೇ ಸಹಿ ಅರ್ಜಿಯಲ್ಲಿ ತಿರಸ್ಕೃತವಾದರೆ ಅವರಿಗೆ ಒಂದು ಪತ್ರವೂ ಹೋಗುವುದಿಲ್ಲ. ಇದನ್ನು ಸಮರ್ಥಿಸುವವರ ವಾದ ಹಗುರವಾದದ್ದಲ್ಲ: ಮತ ಎಂಬುದು ಹಕ್ಕಿನ ಅಂತಿಮ ಚಲಾವಣೆ, ಅರ್ಜಿಯ ಸಹಿ ಮತದಾನ ನಡೆಯಲಿ ಎಂಬ ಬೇಡಿಕೆ ಮಾತ್ರ, ಸಂಘಟಕರು ಹೆಚ್ಚುವರಿ ಸಹಿ ಸಂಗ್ರಹಿಸಿ ನಷ್ಟ ತುಂಬಿಕೊಳ್ಳಬಹುದು, ಪ್ರತಿ ಸಹಿದಾರರಿಗೂ ಪತ್ರ ಬರೆಯತೊಡಗಿದರೆ ಮೂವತ್ತು ಕೆಲಸದ ದಿನಗಳಲ್ಲಿ ಪರಿಶೀಲನೆ ಮುಗಿಯುವುದಿಲ್ಲ. ದೊಡ್ಡ ಕೌಂಟಿಗಳ ಮಟ್ಟಿಗೆ ಈ ವಾದವನ್ನು ಒಪ್ಪಬಹುದು. ಗ್ಯಾಸ್ಕೋನ್ ಅರ್ಜಿಯಲ್ಲೇ ವಿಳಾಸದ ಕಾರಣಕ್ಕೂ ಸಹಿಯ ಕಾರಣಕ್ಕೂ ಬಿದ್ದವನ್ನೆಲ್ಲ ಮರಳಿ ಸೇರಿಸಿದರೂ ಮೊತ್ತ 5,61,727 ಆಗುತ್ತಿತ್ತು. ಆಗಲೂ 5,130 ಕಡಿಮೆ. ಅಲ್ಲಿ ಅರ್ಜಿಯನ್ನು ಬೀಳಿಸಿದ್ದು ನಿಯಮದ ಕ್ರೌರ್ಯವಲ್ಲ, ಪಟ್ಟಿಯಲ್ಲೇ ಇಲ್ಲದವರಿಂದ ಸಹಿ ಪಡೆದ ಅಜಾಗರೂಕತೆ. (ಗ್ಯಾಸ್ಕೋನ್ 2024ರ ನವೆಂಬರ್‌ನ ಮಾಮೂಲಿ ಚುನಾವಣೆಯಲ್ಲಿ ನೇಥನ್ ಹಾಕ್‌ಮನ್ ಎದುರು ಸೋತರು, ಅದು ಬೇರೆ ಮಾತು.)

ಎಂಟುನೂರು ಮತದಾರರ ಅಗ್ನಿಶಾಮಕ ಡಿಸ್ಟ್ರಿಕ್ಟಿಗೆ ಬಂದಾಗ ಆ ವಾದ ನಿಲ್ಲುವುದಿಲ್ಲ. ಅಲ್ಲಿ ಬೇಕಾದ ಸಹಿ 240. ಅದಕ್ಕಿಂತ ಹೆಚ್ಚುವರಿಯಾಗಿ ಸಹಿ ಹಾಕಲು ಒಪ್ಪುವವರು ಊರಿನಲ್ಲಿ ಸುಲಭವಾಗಿ ಸಿಗಲಾರರು. ಹತ್ತು ಜನ ಅಂಚೆ ಪೆಟ್ಟಿಗೆಯ ಸಂಖ್ಯೆ ಬರೆದರೆ ಫಲಿತಾಂಶವೇ ಬದಲಾಗುತ್ತದೆ. ಸಂಖ್ಯೆ ಐನೂರಕ್ಕಿಂತ ಕಡಿಮೆಯಾದ್ದರಿಂದ ಅಲ್ಲಿ ಮಾದರಿಯ ಪ್ರಶ್ನೆಯೇ ಇಲ್ಲ. ಪ್ರತಿ ಸಾಲನ್ನೂ ನೋಡಲೇಬೇಕು, ಪ್ರತಿ ಸಾಲಿಗೂ ತಿರಸ್ಕಾರದ ಕಾರಣವನ್ನು ದಾಖಲಿಸಿಯೇ ಇರುತ್ತಾರೆ. ಪಟ್ಟಿಯಲ್ಲಿ ಹೆಸರಿದ್ದು, ಡಿಸ್ಟ್ರಿಕ್ಟಿನೊಳಗೇ ವಾಸವಿದ್ದು, ವಿಳಾಸದ ಕಾರಣಕ್ಕಷ್ಟೇ ಬಿದ್ದ ಸಹಿದಾರರಿಗೆ ಒಂದು ವಾರದ ಅವಕಾಶ ಕೊಟ್ಟು ನೋಂದಣಿಯನ್ನು ಸರಿಪಡಿಸಿಕೊಳ್ಳಲು ಬಿಡುವುದಕ್ಕೆ ತಗಲುವುದು ಕೆಲವು ಹತ್ತು ಪತ್ರಗಳ ಖರ್ಚು. ಸಾವಿರಕ್ಕಿಂತ ಕಡಿಮೆ ಮತದಾರರಿರುವ ಡಿಸ್ಟ್ರಿಕ್ಟ್‌ಗಳಿಗೆ ಮಾತ್ರ ಅನ್ವಯವಾಗುವಂತೆ ಇದನ್ನು ಮೊದಲು ತಂದು ನೋಡಬಹುದು. ಅರ್ಜಿ ಊರ್ಜಿತವೆಂಬ ಪ್ರಮಾಣಪತ್ರ ಬಂದ ಮೇಲೂ ಮಂಡಳಿ ಹದಿನಾಲ್ಕು ದಿನಗಳಲ್ಲಿ ರೀಕಾಲ್ ಚುನಾವಣೆ ಘೋಷಿಸದಿದ್ದರೆ ಕೌಂಟಿಯ ಅಧಿಕಾರಿಯೇ ಐದು ದಿನಗಳಲ್ಲಿ ಘೋಷಿಸಬೇಕೆಂದು ಸಂಹಿತೆ ವಿಧಿಸುತ್ತದೆ. ಕೊನೆಯ ಹಂತದಲ್ಲಿ ಮಂಡಳಿಯ ಸೋಮಾರಿತನಕ್ಕೂ ಹಟಕ್ಕೂ ಮದ್ದು ಅರೆದಿಟ್ಟಿರುವ ಕಾನೂನು, ಮೊದಲ ಹಂತದಲ್ಲಿ ಮನೆ ಬದಲಿಸಿದ ಬಾಡಿಗೆದಾರರಿಗೂ ಒಂದು ವಾರ ಕೊಡಬಲ್ಲದು.